ಚಕ್ಕೋತದ ಹೆಸರುಗಳು: ನಾಗಸಾಕಿಯಿಂದ ದೇವನಹಳ್ಳಿಯವರೆಗೆ

ಚಕ್ಕೋತಕ್ಕೆ ಜಪಾನಿನಲ್ಲಿ ಮುಖ್ಯವಾಗಿ ಎರಡು ಹೆಸರುಗಳಿವೆ. ಒಂದು ಜಬೊನ್, ಇನ್ನೊಂದು ಬುಂತಾನ್. ಎರಡನೆಯದನ್ನು ದಕ್ಷಿಣದ ಕಾಗೊಶಿಮಾ ಸೀಮೆಯವರು ಬೊಂತಾನ್ ಎನ್ನುತ್ತಾರೆ. ಹಣ್ಣು ಆ ದೇಶದ್ದಲ್ಲ, ಹೆಸರುಗಳೂ ಅಲ್ಲಿ ಹುಟ್ಟಿದವಲ್ಲ. ಒಂದರ ಬೇರನ್ನು ಪೋರ್ಚುಗೀಸ್ ಭಾಷೆಯಲ್ಲಿ ಹುಡುಕುತ್ತಾರೆ, ಇನ್ನೊಂದನ್ನು ಬಿರುಗಾಳಿಗೆ ಸಿಕ್ಕ ಒಬ್ಬ ಚೀನೀ ನಾವಿಕನ ಹೆಸರಿಗೆ ಜೋಡಿಸುತ್ತಾರೆ. ಇದೇ ಹಣ್ಣು ಭಾರತದ ಕರಾವಳಿಗಳಲ್ಲಿಯೂ ಹೊರಗಿನ ಹೆಸರುಗಳನ್ನು ಹೊತ್ತಿದೆ. ನಡುವೆ ಇರುವ ಕನ್ನಡನಾಡಿನಲ್ಲಿ ಮಾತ್ರ ಬೇರೊಂದು ಹೆಸರು ನಿಂತಿದೆ. ಈ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹಣ್ಣು ಯಾವ ದಾರಿಯಲ್ಲಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ನಿಂಬೆಯ ಕುಲದಲ್ಲಿ ಚಕ್ಕೋತದಷ್ಟು ದೊಡ್ಡ ಹಣ್ಣು ಇನ್ನೊಂದಿಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಿಟ್ರಸ್ ಮ್ಯಾಕ್ಸಿಮಾ. ಮಾದಳ, ಕಿತ್ತಳೆಯ ಮೂಲ ಜಾತಿ ಮತ್ತು ಚಕ್ಕೋತ ಈ ಮೂರು ಇಡೀ ಕುಲದ ಹಿರಿಯರು. ಇಂದು ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ನಿಂಬೆ, ಮೂಸಂಬಿ, ದ್ರಾಕ್ಷಿಕಿತ್ತಳೆ (ಗ್ರೇಪ್‌ಫ್ರೂಟ್) ಇವೆಲ್ಲ ಇಂಥ ಕೆಲವೇ ಮೂಲಜಾತಿಗಳು ಬೆರೆತು ಹುಟ್ಟಿದ ಸಂತಾನ. ಚಕ್ಕೋತದ ತವರು ಆಗ್ನೇಯ ಏಷ್ಯಾ. ಅಲ್ಲಿಂದ ಅದು ಚೀನಾಕ್ಕೆ ಬಹಳ ಹಿಂದೆಯೇ ಹೋಯಿತು. ದಪ್ಪ ಸಿಪ್ಪೆಯ ಒಳಗೆ ರಸ ಆರದೆ ಉಳಿಯುವುದರಿಂದ ಈ ಹಣ್ಣು ವಾರಗಟ್ಟಲೆ ಕೆಡುವುದಿಲ್ಲ, ಹಾಗಾಗಿ ದೀರ್ಘ ಕಡಲಯಾನಕ್ಕೆ ಹೇಳಿಮಾಡಿಸಿದ್ದು. ಹಡಗಿನಲ್ಲಿ ತಿಂದ ಹಣ್ಣಿನ ಬೀಜ ಇಳಿದ ಬಂದರಿನ ಮಣ್ಣಿಗೆ ಬೀಳುವುದು ಸಹಜವೇ ಆಗಿತ್ತು.

ಪೋರ್ಚುಗೀಸರು ಜಪಾನಿನ ನೆಲ ಮುಟ್ಟಿದ್ದು 1543ರಲ್ಲಿ, ಕ್ಯೂಶೂ ದ್ವೀಪದ ದಕ್ಷಿಣಕ್ಕಿರುವ ತಾನೆಗಾಶಿಮಾದಲ್ಲಿ. 1571ರ ಹೊತ್ತಿಗೆ ನಾಗಸಾಕಿ ಅವರ ವ್ಯಾಪಾರದ ಬಂದರಾಯಿತು. 1639ರಲ್ಲಿ ಅವರನ್ನು ಹೊರಹಾಕುವವರೆಗಿನ ಸುಮಾರು ಒಂದು ಶತಮಾನದಲ್ಲಿ ಜಪಾನೀ ಭಾಷೆಗೆ ಹತ್ತಾರು ಪೋರ್ಚುಗೀಸ್ ಪದಗಳು ಸೇರಿಕೊಂಡವು. ಬ್ರೆಡ್ಡಿಗೆ ಪಾನ್ ಎಂಬುದು ಅಂಥದ್ದು. ನಮ್ಮ ಪಾವ್ ಅದರ ಸೋದರ. ಸೋಪಿಗೆ ಹೇಳುತ್ತಿದ್ದ ಶಾಬೊನ್ ಕನ್ನಡದ ಸಾಬೂನಿಗೆ ದೂರದ ನೆಂಟ. ಜಬೊನ್ ಎಂಬುದೂ ಇದೇ ಗುಂಪಿಗೆ ಸೇರಿದ್ದು ಎಂಬುದು ನಿಘಂಟುಕಾರರ ಸಾಮಾನ್ಯ ಅಭಿಪ್ರಾಯ. ಪೋರ್ಚುಗೀಸ್ ಭಾಷೆಯಲ್ಲಿ ನಿಂಬೆಯ ಕುಲದ ಒಂದು ದೊಡ್ಡ ಹಣ್ಣಿಗೆ ಜಂಬೋವ ಎಂಬ ಹೆಸರಿದೆ. ಅದು ಐಬೀರಿಯಾಕ್ಕೆ ಅರಬ್ಬೀ ಭಾಷೆಯಿಂದ ಬಂದ ಪದ. ಅರಬ್ಬರ ತೋಟದಿಂದ ಲಿಸ್ಬನ್ನಿಗೆ, ಲಿಸ್ಬನ್ನಿನಿಂದ ಗೋವಾ, ಮಲಾಕ್ಕಾ, ಮಕಾವ್ ದಾಟಿ ನಾಗಸಾಕಿಗೆ ಹೋಗುವಷ್ಟರಲ್ಲಿ ಅದು ಬೇರೊಂದು ಹಣ್ಣಿನ ಮೇಲೆ ಕುಳಿತಿತ್ತು.

ಹೆಸರು ಪೋರ್ಚುಗೀಸರದಾದರೂ ಗಿಡ ತಂದವರು ಅವರೇ ಎಂದು ನಾಗಸಾಕಿಯ ಜನ ಹೇಳುವುದಿಲ್ಲ. ಅಲ್ಲಿನ ಐತಿಹ್ಯದ ಪ್ರಕಾರ 1667ರಲ್ಲಿ ಒಂದು ಚೀನೀ ಹಡಗು ಜಾವಾದಿಂದ ಚಕ್ಕೋತದ ಬೀಜ ತಂದಿತು. ಅದನ್ನು ಬಿತ್ತಿದ್ದು ಊರಿನ ನಿಶಿಯಾಮಾ ದೇಗುಲದ ಆವರಣದಲ್ಲಿ; ಕ್ಯೂಶೂವಿನ ಜಬೊನ್ ಮರಗಳಿಗೆಲ್ಲ ಅದೇ ಮೂಲ ಎಂಬ ನಂಬಿಕೆ ಇದೆ. ಜಾವಾದ ಬಂದರನ್ನು ಅಂದಿನ ಜಪಾನೀಯರು ಜಗತಾರಾ ಎನ್ನುತ್ತಿದ್ದರು. ಅದು ಜಕಾರ್ತಾ, ಡಚ್ಚರ ಬಾಯಲ್ಲಿ ಬಟಾವಿಯಾ. ಹೊರಗಿನಿಂದ ಬಂದದ್ದಕ್ಕೆ ಅದು ಹತ್ತಿದ ಬಂದರಿನ ಹೆಸರಿಡುವುದು ಜಪಾನೀಯರಿಗೆ ಹೊಸತೇನೂ ಅಲ್ಲ. ಆಲೂಗಡ್ಡೆ ಜಗತಾರಾದಿಂದ ಬಂದದ್ದರಿಂದ ಇಂದಿಗೂ ಜಗಾಇಮೊ. ಕಾಂಬೋಡಿಯಾದ ಹೆಸರು ಹೊತ್ತ ಸಿಹಿಗುಂಬಳ ಕಬೋಚಾ. ಚಕ್ಕೋತಕ್ಕೆ ಮಾತ್ರ ಈ ರೀತಿಯ ಊರ ಹೆಸರು ಅಂಟಲಿಲ್ಲ. ಬಂಗಾಳದಲ್ಲಿ ಅದೂ ಆಯಿತು: ಅಲ್ಲಿ ಚಕ್ಕೋತ ಎಂದರೆ ಬಾತಾಬಿ ಲೇಬು, ಅಂದರೆ ಬಟಾವಿಯಾದ ನಿಂಬೆ.

ಬುಂತಾನ್ ಎಂಬ ಎರಡನೆಯ ಹೆಸರಿನ ಕತೆ ನಾಗಸಾಕಿಯಿಂದ ದಕ್ಷಿಣಕ್ಕೆ, ಕಾಗೊಶಿಮಾ ಪ್ರಾಂತದ ಆಕುನೆ ಎಂಬ ಕಡಲೂರಿನಲ್ಲಿ ನಡೆಯುತ್ತದೆ. 1772ರಲ್ಲಿ ದಕ್ಷಿಣ ಚೀನಾದಿಂದ ನಾಗಸಾಕಿಗೆ ಹೊರಟ ವ್ಯಾಪಾರಿ ಹಡಗೊಂದು ಬಿರುಗಾಳಿಗೆ ಸಿಕ್ಕಿ ಆಕುನೆಯ ಬಂದರಿಗೆ ಬಂತು. ಜಪಾನು ಆಗ ಹೊರನಾಡಿನವರಿಗೆ ಬಾಗಿಲು ಮುಚ್ಚಿತ್ತು. ನಾಗಸಾಕಿಯ ಹೊರತು ಬೇರೆಲ್ಲಿಯೂ ಚೀನೀ ಹಡಗುಗಳಿಗೆ ವ್ಯಾಪಾರದ ಅನುಮತಿ ಇರಲಿಲ್ಲ. ಆದರೂ ಊರಿನವರು ನಾವಿಕರನ್ನು ಉಪಚರಿಸಿದರು. ಆ ಉಪಕಾರಕ್ಕೆ ಹಡಗಿನ ಯಜಮಾನ, ಅಲ್ಲಿದ್ದ ದುಭಾಷಿಯ ಕೈಗೆ ತನ್ನಲ್ಲಿದ್ದ ದೊಡ್ಡ ಹಣ್ಣುಗಳನ್ನು ಕೊಟ್ಟ. ಅವುಗಳ ಬೀಜದಿಂದ ಬೆಳೆದ ಮರಗಳೇ ಆಕುನೆಯ ಚಕ್ಕೋತಗಳು. ಯಜಮಾನನ ಹೆಸರು ಚೀನೀ ಉಚ್ಚಾರದಲ್ಲಿ ಶಿಯೆ ವೆನ್‌ದಾನ್. ಅದೇ ಅಕ್ಷರಗಳನ್ನು ಜಪಾನೀ ರೀತಿಯಲ್ಲಿ ಓದಿದರೆ ಶಾ ಬುಂತಾನ್. ಹಣ್ಣು ಅವನ ಹೆಸರನ್ನೇ ಪಡೆಯಿತು ಎಂಬುದು ಕತೆ. ಕತೆಯ ಇನ್ನೊಂದು ರೂಪ ಜಬೊನ್ ಎಂಬುದನ್ನೂ ಇವನಿಗೇ ಕೊಡುತ್ತದೆ: ಹೆಸರಿನ ಮೊದಲೆರಡು ಅಕ್ಷರ ಶಾ-ಬುನ್ ಸೇರಿ ಜಬೊನ್ ಆಯಿತು, ಕೊನೆಯ ಎರಡು ಅಕ್ಷರ ಬುಂತಾನ್ ಆಯಿತು ಎನ್ನುತ್ತದೆ.

ಈ ಕೊನೆಯ ವಿವರಣೆ ತೀರ ಜಾಣತನದ್ದು, ಅದಕ್ಕಾಗಿಯೇ ನಂಬಲು ಕಷ್ಟ. ಒಬ್ಬನ ಹೆಸರನ್ನು ಎರಡು ತುಂಡು ಮಾಡಿ ಒಂದು ಹಣ್ಣಿಗೆ ಎರಡು ಹೆಸರು ಕೊಡುವುದು ಜನರ ನಾಲಗೆ ಮಾಡುವ ಕೆಲಸವಲ್ಲ. ಬುಂತಾನಿನ ಕತೆಗೂ ಒಂದು ಬಲವಾದ ಅಡ್ಡಿ ಇದೆ. ಚೀನಾದ ಫುಜಿಯಾನ್ ಪ್ರಾಂತದಲ್ಲಿ ವೆನ್‌ದಾನ್ ಎಂಬುದು ಚಕ್ಕೋತದ ಒಂದು ಹೆಸರಾಂತ ತಳಿ. ಅಲ್ಲಿಂದ ತೈವಾನಿಗೆ ಹೋದ ಅದೇ ತಳಿ ಮಾದೋವು ಎಂಬ ಊರಿನಲ್ಲಿ ಪ್ರಸಿದ್ಧವಾಗಿ, ಇಂದಿಗೂ ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಮನೆಮನೆಗೂ ಬರುತ್ತದೆ. ಆ ಹೆಸರಿಗೆ ಚೀನೀಯರು ಹೇಳುವ ಕಾರಣವೇ ಬೇರೆ. ಚೀನೀ ರಂಗಭೂಮಿಯಲ್ಲಿ ಸ್ತ್ರೀಪಾತ್ರಧಾರಿಗೆ ದಾನ್ ಎನ್ನುತ್ತಾರೆ. ವೆನ್ ಎಂಬ ಮನೆತನದ ಅಂಥ ಒಬ್ಬ ನಟನ ಹಿತ್ತಲಲ್ಲಿ ಬಲು ರುಚಿಯಾದ ಚಕ್ಕೋತ ಬೆಳೆಯುತ್ತಿತ್ತಂತೆ. ಈ ಕತೆಯೂ ಪೂರ್ತಿ ನಿಜವಾಗಿರಬೇಕಿಲ್ಲ. ಆದರೆ ಆಕುನೆಯ ನಾವಿಕನೊಂದಿಗೆ ಯಾವ ಸಂಬಂಧವೂ ಇಲ್ಲದ ಚೀನೀ ತೋಟಗಳಲ್ಲಿ ಹಣ್ಣಿಗೆ ಅದೇ ಹೆಸರಿದೆ ಎಂಬುದು ಮುಖ್ಯ. ಬಹುಶಃ ಆದದ್ದು ಇಷ್ಟು: ಹಣ್ಣು ಬಂದಾಗ ಅದರ ಚೀನೀ ಹೆಸರೂ ಜೊತೆಗೇ ಬಂತು. ಆ ಹೆಸರು ಎಲ್ಲಿಯದೆಂದು ಮುಂದಿನ ತಲೆಮಾರು ಕೇಳಿದಾಗ, ನೆನಪಿನಲ್ಲಿ ಉಳಿದಿದ್ದ ಹಡಗಿನ ಯಜಮಾನ ಉತ್ತರವಾದ.

ಹಾಗೆಂದು ಆಕುನೆಯ ಕತೆಯನ್ನು ತಳ್ಳಿಹಾಕುವಂತಿಲ್ಲ. ಹಡಗು ಬಂದದ್ದು, ದುಭಾಷಿ ನಡುವೆ ನಿಂತದ್ದು, ಬೀಜ ಬಿತ್ತಿದ್ದು ಇವೆಲ್ಲ ಆ ಕರಾವಳಿಯ ಬದುಕಿಗೆ ಒಪ್ಪುವ ಸಂಗತಿಗಳು. ಆಕುನೆ ಇಂದಿಗೂ ಬೊಂತಾನಿನ ಊರೆಂದೇ ಹೆಸರುವಾಸಿ. ಕಾಗೊಶಿಮಾದಲ್ಲಿ ತಯಾರಾಗುವ, ತಿನ್ನಬಹುದಾದ ತೆಳುಹಾಳೆಯಲ್ಲಿ ಸುತ್ತಿದ ಬೊಂತಾನ್ ಮಿಠಾಯಿಯನ್ನು ಜಪಾನಿನ ಮಕ್ಕಳು ಹಲವು ತಲೆಮಾರುಗಳಿಂದ ತಿನ್ನುತ್ತಿದ್ದಾರೆ. ನಾಗಸಾಕಿಯಲ್ಲಿ ಚಕ್ಕೋತದ ಸಿಪ್ಪೆಯ ಬಿಳಿ ತಿರುಳನ್ನು ಸಕ್ಕರೆ ಪಾಕದಲ್ಲಿ ಕುದಿಸಿ ಮಾಡುವ ತಿನಿಸಿನ ಹೆಸರು ಜಬೊನ್-ಜುಕೆ. ಶಿಕೊಕು ದ್ವೀಪದ ಕೋಚಿ ಪ್ರಾಂತದಲ್ಲಿ ಬೆಳೆಯುವ ಹಣ್ಣು ತೋಸಾ ಬುಂತಾನ್. ಹೀಗೆ ಪೋರ್ಚುಗೀಸ್ ಪದವೂ ಚೀನೀ ಪದವೂ ಒಂದನ್ನೊಂದು ಓಡಿಸದೆ ಉಳಿದುಕೊಂಡಿವೆ.

ಆಕುನೆಯ ಎದುರಿಗೇ ಇರುವ ನಾಗಾಶಿಮಾ ದ್ವೀಪದಲ್ಲಿ ಹೆಸರಿನ ಇನ್ನೊಂದು ಗೋಜಲು ಇದೆ. ಜಪಾನಿನ ಅತಿ ಜನಪ್ರಿಯ ಕಿತ್ತಳೆ, ಸುಲಭವಾಗಿ ಸಿಪ್ಪೆ ಬಿಡುವ ಬೀಜರಹಿತ ಉನ್‌ಶೂ ಮಿಕಾನ್, ಹುಟ್ಟಿದ್ದು ಈ ದ್ವೀಪದಲ್ಲೇ ಎಂದು ತೋಟಗಾರಿಕೆಯ ವಿದ್ವಾಂಸರು ಹೇಳುತ್ತಾರೆ. ಆದರೆ ಉನ್‌ಶೂ ಎಂದರೆ ಚೀನಾದ ವೆನ್‌ಝೌ. ಒಳ್ಳೆಯ ಕಿತ್ತಳೆಗೆ ಆ ಊರು ಹೆಸರಾಗಿದ್ದರಿಂದ ಸ್ವಂತ ನೆಲದ ಹಣ್ಣಿಗೂ ಅದರ ಹೆಸರು ಬಂತು. 19ನೆಯ ಶತಮಾನದಲ್ಲಿ ಇದೇ ಕಿತ್ತಳೆ ಅಮೆರಿಕಕ್ಕೆ ಹೋದಾಗ ಕಾಗೊಶಿಮಾದ ಹಳೆಯ ಹೆಸರಾದ ಸಾತ್ಸುಮಾ ಅದಕ್ಕೆ ಅಂಟಿತು. ಜಪಾನಿನಲ್ಲಿ ಚೀನೀ ಊರಿನ ಹೆಸರು, ಅಮೆರಿಕದಲ್ಲಿ ಜಪಾನೀ ಸೀಮೆಯ ಹೆಸರು! ಹಣ್ಣಿನ ಹೆಸರಿನಲ್ಲಿರುವ ಊರು ಅದರ ತವರೇ ಆಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಹಡಗಿನ ಯಜಮಾನನ ಹೆಸರು ಚಕ್ಕೋತಕ್ಕೆ ಬಂದದ್ದು ಆಕುನೆಯಲ್ಲಿ ಮಾತ್ರವಲ್ಲ. ಇಂಗ್ಲಿಷಿನಲ್ಲಿ ಇದರ ಹಳೆಯ ಹೆಸರು ಶ್ಯಾಡಕ್. ಪೂರ್ವದಿಂದ ಇಂಗ್ಲೆಂಡಿಗೆ ಮರಳುತ್ತಿದ್ದ ಹಡಗೊಂದರ ಕ್ಯಾಪ್ಟನ್ ಶ್ಯಾಡಕ್ ಎಂಬವನು 17ನೆಯ ಶತಮಾನದಲ್ಲಿ ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಲ್ಲಿ ಇದರ ಬೀಜ ಬಿಟ್ಟುಹೋದನೆಂದು ಹಾನ್ಸ್ ಸ್ಲೋನ್ ಎಂಬ ವೈದ್ಯ ಬರೆದಿಟ್ಟಿದ್ದಾನೆ. ಆ ದ್ವೀಪದಲ್ಲೇ ಚಕ್ಕೋತವೂ ಸಿಹಿ ಕಿತ್ತಳೆಯೂ ಬೆರೆತು ದ್ರಾಕ್ಷಿಕಿತ್ತಳೆ ಹುಟ್ಟಿತು. 1750ರಲ್ಲಿ ಗ್ರಿಫಿತ್ ಹ್ಯೂಸ್ ಎಂಬ ಪಾದ್ರಿ ಅಲ್ಲಿನ ಅಂಥ ಹಣ್ಣನ್ನು ವರ್ಣಿಸಿದ. ಭೂಮಿಯ ಎರಡು ತುದಿಗಳಲ್ಲಿ, ಒಂದು ಶತಮಾನದಷ್ಟು ಅಂತರದಲ್ಲಿ, ಒಂದೇ ಹಣ್ಣಿಗೆ ಇಬ್ಬರು ಹಡಗು ಯಜಮಾನರ ಕತೆಗಳು. ಆ ಕಾಲದಲ್ಲಿ ಹೊಸ ಹಣ್ಣೊಂದು ಬಂದರಿಗೆ ಇಳಿಯುವ ದಾರಿ ಅದೊಂದೇ ಆಗಿತ್ತು.

ಭಾರತದ ಪೂರ್ವ ಕರಾವಳಿಯಲ್ಲಿ ಈ ಹಣ್ಣಿನ ಹೆಸರು ಡಚ್ಚರ ಪದವೊಂದಕ್ಕೆ ನೆಂಟ. ತಮಿಳಿನಲ್ಲಿ ಚಕ್ಕೋತಕ್ಕೆ ಪಂಪಳಿಮಾಸು ಎಂಬ ಹೆಸರಿದೆ. ಡಚ್ಚರು ಇದನ್ನು ಪೊಂಪೆಲ್‌ಮೂಸ್ ಎನ್ನುತ್ತಿದ್ದರು. ಕುಂಬಳದಷ್ಟು ದಪ್ಪನೆಯ ನಿಂಬೆ ಎಂಬ ಅರ್ಥದಲ್ಲಿ ಡಚ್ ಮತ್ತು ಪೋರ್ಚುಗೀಸ್ ಪದಗಳು ಕೂಡಿ ಈ ಪದವಾಯಿತೆಂದು ಕೆಲವರ ಮತ. ತಮಿಳಿನಿಂದಲೇ ಡಚ್ಚರು ಕಲಿತರೆಂದು ಇನ್ನು ಕೆಲವರ ಮತ. ಎರಡರಲ್ಲಿ ಯಾವುದು ಸರಿಯಾದರೂ, ತಮಿಳೂ ಡಚ್ಚೂ ಎದುರುಬದುರಾದ ಜಾಗ ಯಾವುದೆಂಬುದರಲ್ಲಿ ಸಂದೇಹವಿಲ್ಲ. ಇಂದಿನ ಚೆನ್ನೈನ ಉತ್ತರದ ಮಣಲಿಯನ್ನು ದಾಟಿ ಕಡಲಗುಂಟ ಇನ್ನೂ ಉತ್ತರಕ್ಕೆ ಹೋದರೆ ಪಳವೇರ್ಕಾಡು ಸಿಗುತ್ತದೆ. ಡಚ್ಚರು ಅಲ್ಲಿ 1613ರಲ್ಲಿ ಗೆಲ್ಡ್ರಿಯಾ ಕೋಟೆ ಕಟ್ಟಿದರು. 1690ರಲ್ಲಿ ನಾಗಪಟ್ಟಣಕ್ಕೆ ಹೋಗುವವರೆಗೆ ಕೋರಮಂಡಲದಲ್ಲಿ ಅವರ ಮುಖ್ಯ ಠಾಣೆ ಅದೇ ಆಗಿತ್ತು. ಅಲ್ಲಿಂದ ಬಟ್ಟೆ ಹೊತ್ತ ಹಡಗುಗಳು ಬಟಾವಿಯಾಕ್ಕೆ ಹೋಗುತ್ತಿದ್ದವು. ಬಟಾವಿಯಾದಿಂದ ಮುಂದಿನ ನಿಲ್ದಾಣ ನಾಗಸಾಕಿ. 1641ರಿಂದ ಅಲ್ಲಿನ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಡಚ್ಚರಿಗೆ ಮಾತ್ರ ಇರಲು ಬಿಟ್ಟಿದ್ದರು.

ಈ ದಾರಿ ಎಷ್ಟು ನೇರವಾಗಿತ್ತೆಂಬುದಕ್ಕೆ ಹಣ್ಣಿಗಿಂತ ಬಟ್ಟೆ ಒಳ್ಳೆಯ ಸಾಕ್ಷಿ. ಜಪಾನಿನಲ್ಲಿ ಪಟ್ಟೆಪಟ್ಟೆಯ ಹತ್ತಿಬಟ್ಟೆಯೊಂದಕ್ಕೆ ಸಾಂತೊಮೆ ಎಂದು ಹೆಸರು. ಅದು ಮಣಲಿಯ ದಕ್ಷಿಣಕ್ಕೆ, ಮೈಲಾಪುರದ ಮಗ್ಗುಲಲ್ಲಿ ಪೋರ್ಚುಗೀಸರು ನೆಲೆಸಿದ್ದ ಸಾಂತೋಮ್. ನಾಗಸಾಕಿಯ ಮೂಲಕ ಬಂದ ಈ ಬಟ್ಟೆ ಅಂದಿನ ಪೇಟೆಯ ಶೋಕಿಲಾಲರಿಗೆ ಎಷ್ಟು ಹಿಡಿಸಿತೆಂದರೆ ಜಪಾನಿನ ನೇಕಾರರೇ ಅದನ್ನು ನೇಯತೊಡಗಿದರು, ಹೆಸರನ್ನು ಮಾತ್ರ ಬಿಡಲಿಲ್ಲ. ತೋಜಾನ್ ಎಂಬ ಬಟ್ಟೆಯ ಹೆಸರಿನಲ್ಲಿ ಸಾಂತೊಮೆಯ ಮೊದಲ ಅಕ್ಷರ ಇನ್ನೂ ಅಡಗಿದೆ. ಜಪಾನಿನ ನಿಘಂಟಿನಲ್ಲಿ ಚೆನ್ನೈನ ಒಂದು ಕೇರಿ ಹೀಗೆ ಜಾಗ ಪಡೆದಿದೆ.

ಇಂಥ ಹೆಸರುಗಳು ಭಾಷೆಯಿಂದ ಭಾಷೆಗೆ ದಾಟಲು ದುಭಾಷಿಗಳು ಬೇಕಿತ್ತು. ನಾಗಸಾಕಿಯಲ್ಲಿ ಚೀನೀ ಭಾಷೆಗೊಂದು, ಡಚ್ ಭಾಷೆಗೊಂದು ವಂಶಪಾರಂಪರ್ಯ ದುಭಾಷಿಗಳ ವರ್ಗವೇ ಇತ್ತು. ಚೆನ್ನಪಟ್ಟಣದಲ್ಲಿ, ಅಂದರೆ ಇಂದಿನ ಚೆನ್ನೈನಲ್ಲಿ, ಅದೇ ಕೆಲಸ ಮಾಡಿ ದೊಡ್ಡ ಸಿರಿವಂತರಾದವರಲ್ಲಿ ಮಣಲಿಯ ಮೊದಲಿಯಾರ್ ಮನೆತನ ಹೆಸರಾದುದು. ಮಣಲಿ ಮುತ್ತುಕೃಷ್ಣ ಮೊದಲಿಯಾರ್ ಅವರು ಅಲ್ಲಿನ ಇಂಗ್ಲಿಷ್ ಗವರ್ನರ್ ಜಾರ್ಜ್ ಪಿಗಟ್ಟನಿಗೆ ದುಭಾಷಿಯಾಗಿದ್ದರು. ಪೇಟೆಯ ಚೆನ್ನಕೇಶವ ಮತ್ತು ಚೆನ್ನಮಲ್ಲೇಶ್ವರ ದೇವಾಲಯಗಳು ಮತ್ತೆ ಎದ್ದು ನಿಲ್ಲಲು ಮುಂದಾಳಾದವರೂ ಅವರೇ. ಸಂಗೀತ ಬಲ್ಲ ಕನ್ನಡಿಗರಿಗೆ ಈ ಮನೆ ಇನ್ನೊಂದು ಕಾರಣಕ್ಕೆ ಗೊತ್ತು. ರಾಮಸ್ವಾಮಿ ದೀಕ್ಷಿತರನ್ನೂ ಅವರ ಮಗ ಮುತ್ತುಸ್ವಾಮಿ ದೀಕ್ಷಿತರನ್ನೂ ಮಣಲಿಗೆ ಕರೆತಂದು ಪೋಷಿಸಿದ್ದು ಇದೇ ಮನೆತನ. ಚೆನ್ನಪಟ್ಟಣದ ಇಂಗ್ಲಿಷರ ಕೋಟೆಯಲ್ಲಿ ಕೇಳಿದ ಪಾಶ್ಚಾತ್ಯ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹೊಂದಿಸಿದ ನೋಟುಸ್ವರಗಳಿಗೆ ಈ ನಂಟೇ ನೆಲೆ. ದುಭಾಷಿಯ ಮನೆಯಲ್ಲಿ ಮಾತು, ಹಣ್ಣು, ರಾಗ ಎಲ್ಲವೂ ಒಂದು ನಾಡಿನಿಂದ ಇನ್ನೊಂದಕ್ಕೆ ದಾಟುತ್ತಿದ್ದವು.

ಪೊಂಪೆಲ್‌ಮೂಸಿನ ಗುರುತು ತಮಿಳಿಗಷ್ಟೇ ನಿಲ್ಲಲಿಲ್ಲ. ತೆಲುಗಿನಲ್ಲಿ ಅದು ಪಂಪರ ಪನಸ ಆಯಿತು. ಪರಕೀಯ ಪದದ ಬಾಲವನ್ನು ಜನ ತಮಗೆ ಗೊತ್ತಿದ್ದ ಪನಸಕ್ಕೆ, ಅಂದರೆ ಹಲಸಿಗೆ ಸೇರಿಸಿಕೊಂಡರು. ಹಣ್ಣಿನ ಗಾತ್ರವೂ ಅದಕ್ಕೆ ಒಪ್ಪಿತು. ಮರಾಠಿಯ ಪಪನಸ್, ಮಲೆಯಾಳದ ಬಬ್ಲೂಸ್ ನಾರಂಗ ಇವೂ ಅದೇ ಪದದ ಬೇರೆಬೇರೆ ವೇಷಗಳು. ಗೋವಾದ ಕಡೆ ತೋರಂಜನ್ ಎಂಬ ಇನ್ನೊಂದು ಹೆಸರಿದೆ. ಪರ್ಶಿಯನ್ನಿನ ತುರಂಜ್, ಪೋರ್ಚುಗೀಸಿನ ತೊರಾಂಜ ಇದರ ಬಳಗ. ಚೌತಿಯಲ್ಲಿ ಗಣಪತಿಯ ಮೇಲೆ ಕಟ್ಟುವ ಮಾಟೊಳಿಗೆ ಅಲ್ಲಿನವರು ಈ ಹಣ್ಣನ್ನು ತಪ್ಪದೆ ತೂಗುಹಾಕುತ್ತಾರೆ.

ಕನ್ನಡ ಈ ಗುಂಪಿಗೆ ಸೇರಲಿಲ್ಲ. ಸುತ್ತಲಿನ ಭಾಷೆಗಳಲ್ಲೆಲ್ಲ ಪೊಂಪೆಲ್‌ಮೂಸಿನ ಛಾಯೆ ಇರುವಾಗ ಕನ್ನಡದಲ್ಲಿ ಚಕ್ಕೋತ ಅಥವಾ ಚಕೋತ ಎಂಬ ಹೆಸರು ನೆಲೆಯೂರಿತು. ಇದು ಹಿಂದಿ ಮತ್ತು ಉರ್ದುವಿನ ಚಕೋತ್ರಾ. ಹಳೆಯ ಮೈಸೂರಿನ ಕಡೆ ಸಾರಿಗೂ ಪಲ್ಯಕ್ಕೂ ಹಾಕುವ ಚಕ್ಕೋತ ಸೊಪ್ಪು ಬೇರೆಯೇ ಗಿಡ. ಹೆಸರು ಒಂದಾದರೂ ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಮೂಸಂಬಿ ಆಫ್ರಿಕಾದ ಮೊಜಾಂಬಿಕ್ ಬಂದರಿನ ಹೆಸರನ್ನು ಇಟ್ಟುಕೊಂಡೇ ಕನ್ನಡಕ್ಕೆ ಬಂದಿತು. ಮಾದಳ, ಹೇರಳೆ, ಕಿತ್ತಳೆ, ನಿಂಬೆ ಇವೆಲ್ಲ ನಾಡಿನಲ್ಲಿ ಹಿಂದಿನಿಂದ ಇದ್ದ ಹೆಸರುಗಳು. ಚಕ್ಕೋತ ಈ ಎರಡು ಬಗೆಗೂ ಸೇರದು. ಪೂರ್ವ ಕರಾವಳಿಯ ತಮಿಳು, ತೆಲುಗು ಹೆಸರುಗಳನ್ನು ಬಿಟ್ಟು ಉತ್ತರದ ಹೆಸರು ಇಲ್ಲಿ ನಿಂತಿದೆಯೆಂದರೆ, ಬಯಲುಸೀಮೆಗೆ ಈ ಹಣ್ಣು, ಕಡೆಯ ಪಕ್ಷ ಅದರ ಹೆಸರು, ಬಂದರಿನಿಂದ ಘಟ್ಟ ಹತ್ತಿ ಬರದೆ ದಖ್ಖನ್ನಿನ ನೆಲದ ದಾರಿಯಲ್ಲಿ ಬಂದಿರಬೇಕು. ಬಿಜಾಪುರ, ಶಿರಾ, ಶ್ರೀರಂಗಪಟ್ಟಣಗಳ ಆಡಳಿತದಲ್ಲಿ, ದಂಡಿನಲ್ಲಿ, ತೋಟಗಳಲ್ಲಿ ದಖ್ಖನಿ ಮಾತು ಓಡಾಡುತ್ತಿದ್ದ ಶತಮಾನಗಳನ್ನು ನೆನೆದರೆ ಈ ಊಹೆಗೆ ಬಲ ಬರುತ್ತದೆ.

ಕರ್ನಾಟಕದಲ್ಲಿ ಚಕ್ಕೋತ ಎಂದೊಡನೆ ನೆನಪಾಗುವ ಊರು ದೇವನಹಳ್ಳಿ. ಬೆಂಗಳೂರಿನ ಉತ್ತರಕ್ಕೆ, ಟಿಪ್ಪು ಸುಲ್ತಾನ್ ಹುಟ್ಟಿದ ಕೋಟೆಯ ಸುತ್ತಮುತ್ತ ಬೆಳೆಯುವ ಈ ಹಣ್ಣಿನ ತೊಳೆ ಕೆಂಪಗಿದ್ದು ಸಿಹಿಯಾಗಿರುತ್ತದೆ. ಬೇರೆಡೆಯ ಚಕ್ಕೋತಗಳು ಹುಳಿಯಾಗಿಯೋ ಕಹಿಯಾಗಿಯೋ ಇರುವುದೇ ಹೆಚ್ಚು. ಈ ವ್ಯತ್ಯಾಸಕ್ಕೆ ಮಣ್ಣು ನೀರಿನ ಜೊತೆಗೆ ಬೀಜದ ಗುಣವೂ ಕಾರಣ. ಕಿತ್ತಳೆ ಜಾತಿಯ ಎಷ್ಟೋ ಗಿಡಗಳಲ್ಲಿ ಒಂದು ಬೀಜದಿಂದ ತಾಯಿಮರದ ತದ್ರೂಪಿ ಸಸಿಗಳೇ ಹುಟ್ಟುತ್ತವೆ. ಚಕ್ಕೋತದ ಬೀಜದಲ್ಲಿ ಭ್ರೂಣ ಒಂದೇ, ಅದೂ ಪರಾಗಸ್ಪರ್ಶದಿಂದ ಹುಟ್ಟಿದ್ದು. ಆದ್ದರಿಂದ ಬಿತ್ತಿದ ಪ್ರತಿ ಸಸಿಯೂ ಹೊಸದು. ತಾಯಿಯಂತೆ ಸಿಹಿಯಾಗುತ್ತದೆಂಬ ಭರವಸೆ ಇಲ್ಲ. ನಾವಿಕ ಕೊಟ್ಟ ಬೀಜದಿಂದ ಆಕುನೆಯಲ್ಲೊಂದು, ಶ್ಯಾಡಕ್ ಬಿಟ್ಟುಹೋದ ಬೀಜದಿಂದ ಬಾರ್ಬಡೋಸಿನಲ್ಲೊಂದು, ದೇವನಹಳ್ಳಿಯಲ್ಲಿ ಇನ್ನೊಂದು ಹಣ್ಣು ಬೆಳೆದದ್ದು ಈ ಗುಣದಿಂದ. ಊರಿಗೊಂದು ಹಣ್ಣಾದ ಮೇಲೆ ಊರಿಗೊಂದು ಹೆಸರು ಬೇಕಾಗುವುದು ಸಹಜವೇ. ಸಿಕ್ಕ ಒಳ್ಳೆಯ ಮರವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಕೊಂಬೆಗೆ ಗೂಟಿ ಕಟ್ಟಬೇಕು ಅಥವಾ ಕಸಿ ಮಾಡಬೇಕು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೆ ಹೋದ ಸುಮಾರು 4,000 ಎಕರೆ ಒಂದು ಕಡೆಯಾದರೆ, ಸುತ್ತಲಿನ ಹಳ್ಳಿಗಳಲ್ಲಿ ಗಗನಕ್ಕೇರಿದ ನೆಲದ ಬೆಲೆ ಇನ್ನೊಂದು ಕಡೆ. ಹಿತ್ತಲಿನ, ತೋಟದಂಚಿನ ಚಕ್ಕೋತದ ಮರಗಳು ಲೇಔಟುಗಳಿಗೆ ದಾರಿ ಬಿಟ್ಟವು. ಬೀಜದಿಂದ ಮತ್ತೆ ಪಡೆಯಲಾಗದ ಹಣ್ಣಿಗೆ ಇದು ದೊಡ್ಡ ಪೆಟ್ಟು: ಕಡಿದ ಮರದ ರುಚಿ ಅದರೊಂದಿಗೇ ಹೋಗುತ್ತದೆ. ಉಳಿದ ಮರಗಳಿಗೆ ಈಗ ಕಾನೂನಿನ ಒಂದು ಹೆಸರು ಸಿಕ್ಕಿದೆ. 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕ ಕಾಯ್ದೆಯಡಿ ಕೊಡಗಿನ ಕಿತ್ತಳೆ, ನಂಜನಗೂಡಿನ ರಸಬಾಳೆಗಳಂತೆ ದೇವನಹಳ್ಳಿ ಚಕ್ಕೋತವೂ ನೋಂದಣಿಯಾಗಿದೆ. ಬೇರೆ ಸೀಮೆಯಲ್ಲಿ ಬೆಳೆದ ಹಣ್ಣನ್ನು ಈ ಹೆಸರಿನಲ್ಲಿ ಮಾರಲು ಬರುವುದಿಲ್ಲ. ಆದರೆ ಕಾಯ್ದೆ ಕಾಪಾಡುವುದು ಹೆಸರನ್ನು. ಮರಗಳ ಸಂಖ್ಯೆ ಹೆಚ್ಚಬೇಕಾದರೆ, ಇನ್ನೂ ಉಳಿದಿರುವ ಒಳ್ಳೆಯ ತಾಯಿಮರಗಳ ಕೊಂಬೆಗಳಿಗೆ ಮಳೆಗಾಲ ಹಿಡಿದಾಗ ಗೂಟಿ ಕಟ್ಟಿ, ಬೇರು ಬಿಟ್ಟ ಸಸಿಗಳನ್ನು ದೇವನಹಳ್ಳಿಯ ನೆಲದಲ್ಲೇ ನೆಡಬೇಕು.